ಬೆಳ್ಳಿ ತಿಂದು ಬದುಕಿದ ಮುತ್ತಜ್ಜ

ಆಹಾರದ ಸುರಕ್ಷತೆಯನ್ನು ಅಳೆಯುವವರು ಮನೆಯಲ್ಲಿದ್ದರೆ ಯಾರೂ ನೆಮ್ಮದಿಯಿಂದ ಉಣ್ಣುವುದಿಲ್ಲ. ನಮ್ಮ ಮನೆಯಲ್ಲಿ ಹಾಗೆ ಅಳೆಯುವವಳು ನಾನೇ. ಆದ್ದರಿಂದ ಇಂಥ ಪ್ರಸಂಗಗಳಿಗೆ ನಮ್ಮಲ್ಲಿ ಎಂದೂ ಬರವಿಲ್ಲ.

೧. ಕೇಳಿದ ಕಥೆ

ಘಾಟಬೋರಾಳದ ನಮ್ಮ ಮನೆಯಲ್ಲಿ ಆಯಿ, ಎಂದರೆ ತಂದೆಯ ತಾಯಿ, ಹೇಳುತ್ತಿದ್ದ ಪ್ರಕಾರ, ಆಕೆಯ ಮಾವ ನೂರು ವರ್ಷ ಬದುಕಿದ್ದು ಬೆಳ್ಳಿ ತಿಂದು. ಬಸವಕಲ್ಯಾಣದ ಕೋಟೆ ಬದಿಯ ಹಕೀಮರ ಅಂಗಡಿಯಿಂದ ಸಕ್ಕರೆ ಪಾಕದಲ್ಲಿ ನೆನೆದ ನೆಲ್ಲಿಕಾಯಿ ಮುರಬ್ಬ ತರಿಸಿ, ಉಸಿರು ತಾಗಿದರೆ ಹಾರುವಂಥ ಬೆಳ್ಳಿಯ ತೆಳುಹಾಳೆ ವರಖ್ ಹೊದಿಸಿ, ದಿನವೂ ಬೆಳಿಗ್ಗೆ ಸೇವಿಸುತ್ತಿದ್ದನಂತೆ. ಆಯಿಯೂ ಆ ಪದ್ಧತಿಯನ್ನು ಬಿಟ್ಟಿರಲಿಲ್ಲ. ದೃಷ್ಟಿ ತಾಗಬಾರದೆಂದು ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಬ್ಬಳೇ ಹಿತ್ತಲಿಗೆ ಹೋಗುವಳು. ಮರಳಿ ತಂದ ಬಟ್ಟಲನ್ನು ನೆಕ್ಕುವ ಭಾಗ್ಯ ನನ್ನದು. ಆ ಏಲಕ್ಕಿಯ ವಾಸನೆ ಇಂದಿಗೂ ಮೂಗಿನಲ್ಲಿದೆ.

ಆಗಲೇ ನನಗೊಂದು ಸಂಶಯವಿತ್ತು. ಬೆಳ್ಳಿ ಮುಟ್ಟದ ಮುತ್ತಜ್ಜಿ ಅವನಿಗಿಂತ ಹೆಚ್ಚು ಕಾಲ ಬದುಕಿದ್ದು ಹೇಗೆ?

"ಅಕಿ ಅವನ ಮ್ಯಾಗಿನ ಸಿಟ್ಟಿಗೆ ಬದುಕಿದ್ಲು," ಅಂದಳು ಆಯಿ.

೨. ಸಾಣಿಗೆ

ಹುಮನಾಬಾದಿನಲ್ಲಿ ಕಾಲೇಜು ಮುಗಿಸಿ, ಮುಂದೆ ಓದಿ ನಾನು ಸೇರಿದ್ದು ಆಹಾರ ಮತ್ತು ಪಶು ಆಹಾರದಲ್ಲಿನ ನ್ಯಾನೋ ಕಣಗಳನ್ನು ಪರೀಕ್ಷಿಸುವ ಪ್ರಯೋಗಾಲಯಕ್ಕೆ. ಕಣ್ಣಿಗೆ ಕಾಣದ ಈ ಕಣಗಳು ಹೊಟ್ಟೆಯಲ್ಲಿ ಕರಗುತ್ತವೆಯೇ, ಕರುಳು ದಾಟಿ ಬೇರೆಲ್ಲೋ ನೆಲೆಸುತ್ತವೆಯೇ ಎಂದು ನೋಡುವುದು ನಮ್ಮ ಕೆಲಸ. ರಜೆಗೆ ಊರಿಗೆ ಹೋದಾಗ ಕಾಕಾ, ಎಂದರೆ ತಂದೆಯ ತಮ್ಮ, ನಮ್ಮ ಎಮ್ಮೆಯ ಹಿಂಡಿ ಚೀಲ ತೋರಿಸಿದರು. ಮೇಲೆ 'ನ್ಯಾನೋ ಸತು' ಎಂದಿತ್ತು. ಅಪಾಯವೇ ಎಂದು ಕೇಳಿದರು. ಅಧ್ಯಯನವಾಗದೆ ಹೇಳಲಾಗದು ಎಂದೆ.

ಮರುದಿನ ಕಾಕಾ ಹಿಟ್ಟಿನ ಸಾಣಿಗೆಯಲ್ಲಿ ಹಿಂಡಿ ಸೋಸುತ್ತಿದ್ದರು. ಮೇಲುಳಿದ ದೊಡ್ಡದು ನಮ್ಮ ಎಮ್ಮೆಗೆ. ಕೆಳಗೆ ಬಿದ್ದ ಸಣ್ಣದು ಕೊಹಿನೂರಿನಲ್ಲಿದ್ದ ಅವರ ಹೆಂಡತಿಯ ತಮ್ಮನ ಎಮ್ಮೆಗೆ ಉಡುಗೊರೆ. ಇದು ನ್ಯಾಯವೇ ಎಂದು ಕೇಳಿದೆ.

"ಅಧ್ಯಯನ ಆಗಬೇಕಂತ ನೀನೇ ಅಂದಿಯಲ್ಲವ್ವಾ. ಅಲ್ಲೇ ಆಗ್ಲಿ."

೩. ಗೊತ್ತಿಲ್ಲ

ವರಖಿನಿಂದಲೂ ಅಂಥ ಕಣಗಳು ಉದುರುತ್ತವೆಯೇ ಎಂದು ಕಾಕಾ ಮುಂದುವರಿಸಿದರು. ಉದುರಬಹುದು ಎಂದೆ. ಅಂದೇ ಮುರಬ್ಬದ ಬರಣಿ ಕಪಾಟು ಸೇರಿ ಬೀಗ ಬಿತ್ತು. ಆಯಿ ನನ್ನೊಡನೆ ಮಾತು ಬಿಟ್ಟಳು. ಅದೇ ಹೊತ್ತಿಗೆ ಎಮ್ಮೆಯೂ ಹಿಂಡಿಗೆ ಬಾಯಿ ಹಾಕದೆ, ಹಾಲು ಬಿಡದೆ ಮೊಂಡು ಹಿಡಿಯಿತು. ಒಂದೆರಡು ಸಣ್ಣ ಕಣಗಳು ಸಾಣಿಗೆಯ ಕಣ್ಣು ತಪ್ಪಿಸಿರಬೇಕೆಂದು ಕಾಕಾ ತೀರ್ಮಾನಿಸಿದರು.

ಕೊನೆಗೆ ಆಯಿಯೇ ಕರೆದು, ವರಖ್ ತಿನ್ನಬಹುದೋ ಬಾರದೋ ಒಂದೇ ಮಾತಿನಲ್ಲಿ ಹೇಳು ಎಂದಳು. ಲಭ್ಯವಿರುವ ಮಾಹಿತಿಯಿಂದ ನಿರ್ಣಯಿಸಲಾಗದು ಎಂದೆ.

"ಇಷ್ಟು ವರ್ಷ ಓದಿ ಗೊತ್ತಿಲ್ಲ ಅನ್ನೋದು ಕಲ್ತು ಬಂದೀ ಏನ ಪೋರಿ? ಅದು ನನಗ ಓದದೇನ ಬರ್ತಿತ್ತು."

೪. ಫಲಿತಾಂಶ

ಒಂದು ಹಾಳೆ ವರಖನ್ನು ಪ್ರಯೋಗಾಲಯಕ್ಕೆ ಒಯ್ದೆ. ಅದು ಬೆಳ್ಳಿಯೇ ಆಗಿತ್ತು. ಕಲಬೆರಕೆಯಾಗಿರಬಹುದೆಂದು ನಾನು ಹೆದರಿದ್ದ ಅಲ್ಯೂಮಿನಿಯಂ ಇರಲಿಲ್ಲ. ದಿನಕ್ಕೊಂದು ಚೂರಿನಿಂದ ಹಾನಿಯೆನ್ನಲು ಆಧಾರವಿಲ್ಲ, ಆಯುಷ್ಯ ಹೆಚ್ಚುತ್ತದೆನ್ನಲೂ ಆಧಾರವಿಲ್ಲ ಎಂದು ಊರಿಗೆ ಬಂದು ತಿಳಿಸಿದೆ. ಕಾಕಾ ಬೀಗ ತೆಗೆದರು. ಆಯಿ ಮೊದಲರ್ಧವನ್ನಷ್ಟೇ ಕೇಳಿಸಿಕೊಂಡಳು.

ತಿಂದ ಮೇಲೆ ಏನಾದರೂ ಆದೀತೆಂದು ಮರುದಿನ ಬೆಳಿಗ್ಗೆ ಸದ್ದಿಲ್ಲದೆ ಆಕೆಯ ಹಿಂದೆ ಹಿತ್ತಲಿಗೆ ಹೋದೆ. ಆಯಿ ಸೆರಗು ಸರಿಸಿ ಬಟ್ಟಲನ್ನು ಎಮ್ಮೆಯ ಮುಂದೆ ಹಿಡಿದಳು. ಎಮ್ಮೆ ಮುರಬ್ಬ ಮುಗಿಸಿ, ಬಟ್ಟಲನ್ನು ಚೊಕ್ಕಟವಾಗಿ ನೆಕ್ಕಿ, ಮೂಗಿಗಂಟಿದ ಬೆಳ್ಳಿಯನ್ನೂ ಬಿಡದೆ ನಾಲಗೆಗೆ ತೆಗೆದುಕೊಂಡು, ಆಮೇಲೆ ಗಂಭೀರವಾಗಿ ಹಿಂಡಿಗೆ ಬಾಯಿ ಹಾಕಿತು. ನನಗೆ ಬಾಲ್ಯದ ಬಟ್ಟಲು ನೆನಪಾಯಿತು.

"ಆಯಿ, ನೀ ತಿನ್ನಂಗಿಲ್ಲೇನು?"

"ನನಗ ಹಲ್ಲೆಲ್ಲಿ ಅವ? ಇದು ಸಿಗಲಿಲ್ಲಂದ್ರ ಎಮ್ಮಿ ಹಾಲು ಬಿಡಂಗಿಲ್ಲ. ನಿಮ್ಮ ಕಾಕಾಗ ಹೇಳಬ್ಯಾಡ ಮತ್ತ, ಎಮ್ಮಿಗಿ ಬೆಳ್ಳಿ ಯಾಕ ಅಂತಾನ."

"ಹಂಗಾರ ಮುತ್ತಜ್ಜ?"

ಆಯಿ ಬೊಚ್ಚುಬಾಯಿ ಬಿಟ್ಟು ನಕ್ಕಳು.

ಆಯಿ ಈಗಿಲ್ಲ. ಈಚೆಗೆ ಬಸವಕಲ್ಯಾಣದ ನೆಂಟರ ಮನೆಯಲ್ಲಿ ಮುತ್ತಜ್ಜನ ಏಕೈಕ ಭಾವಚಿತ್ರ ಸಿಕ್ಕಿತು. ಭೂತಗನ್ನಡಿ ಹಿಡಿದು ಸಾವಕಾಶವಾಗಿ ಪರಿಶೀಲಿಸಿದೆ. ಮುತ್ತಜ್ಜ ಬಾಯ್ತುಂಬ ನಗುತ್ತಿದ್ದಾನೆ, ಒಂದೂ ಹಲ್ಲಿಲ್ಲ. ಪಕ್ಕದಲ್ಲಿ ನಿಂತ ಎಮ್ಮೆ ಮಾತ್ರ ಗುಂಡುಗುಂಡಾಗಿದೆ.