ಮಾವನ ರಿಲೀವರ್

ಕಳೆದ ಶ್ರಾವಣದ ಎರಡನೆಯ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ದಾಂಡೇಲಿಯ ಮನೆಯಲ್ಲಿ ನನ್ನ ಸೋದರಮಾವ ತೀರಿಕೊಂಡರು. ಅದೇ ದಿನ ಸಂಜೆ ಆರಕ್ಕೆ ಸಾಮಾಜಿಕ ಜಾಲತಾಣದಲ್ಲಿ ಮುಂಡಗೋಡದ ಗೃಹಸ್ಥರೊಬ್ಬರ ಸ್ನೇಹದ ಕೋರಿಕೆಯನ್ನು ಒಪ್ಪಿಕೊಂಡರು. ಎರಡೂ ಸುದ್ದಿ ಖಚಿತ. ಪತ್ರಿಕೆಯಲ್ಲಿ ಕೆಲಸ ಮಾಡುವವನು ನಾನು, ಎರಡನ್ನೂ ಪರಿಶೀಲಿಸಿದ್ದೇನೆ.

ಮಾವ ಮೂವತ್ತು ವರ್ಷ ಕಾಗದದ ಕಾರ್ಖಾನೆಯಲ್ಲಿ ಯಂತ್ರ ನಡೆಸಿದವರು. ಅಲ್ಲಿ ಪಾಳಿ ಮುಗಿದರೂ ಮುಂದಿನ ಪಾಳಿಯವನು, ಅಂದರೆ ರಿಲೀವರ್, ಬಂದು ಚಾರ್ಜ್ ತೆಗೆದುಕೊಳ್ಳುವವರೆಗೆ ಯಂತ್ರ ಬಿಟ್ಟು ಕದಲುವಂತಿಲ್ಲ. ನಿವೃತ್ತರಾದ ಮೇಲೂ ಮಾವ ಈ ನಿಯಮ ಬಿಡಲಿಲ್ಲ. ಬಸ್ಸಿನಿಂದ ಇಳಿಯುವಾಗ ತಮ್ಮ ಸೀಟಿಗೆ ಬಂದವನನ್ನು ತಡೆದು, "ಕಿಡಕಿ ಬಿಗಿ ಐತ್ರಿ, ಎಡಕ್ಕ ಮೊಳಿ ಚುಚ್ಚತೈತಿ. ಚಾರ್ಜ್ ತಗೊಂಡ್ರಿಲ್ಲೋ?" ಎನ್ನುವರು. ಆತ ತಲೆಯಾಡಿಸದೆ ಮಾವ ಇಳಿಯುತ್ತಿರಲಿಲ್ಲ, ಬಸ್ಸು ಹೊರಡುತ್ತಿರಲಿಲ್ಲ! ಒಮ್ಮೆ ಆಸ್ಪತ್ರೆಯ ಮಂಚ ಬಿಡುವಾಗಲೂ ಹೊಸ ರೋಗಿಗೆ ಯಾವ ನರ್ಸಿನ ಸೂಜಿ ಹೆಚ್ಚು ನೋಯುತ್ತದೆ ಎಂದು ವಿವರಿಸಿಯೇ ಬಂದಿದ್ದರು.

ಇಂಥವರು ಪಾಸ್‌ವರ್ಡುಗಳನ್ನು ಅನಾಥ ಮಾಡಿ ಲೋಕ ಬಿಡುತ್ತಾರೆಯೇ? ಖಾತೆಗೊಬ್ಬ ರಿಲೀವರ್! ಟ್ರಂಕಿನ ನೋಟ್‌ಬುಕ್ಕಿನಲ್ಲಿ ಹೆಸರುಗಳಿದ್ದವು. ಪಾಸ್‌ವರ್ಡಿನ ಚೀಟಿ ಅವರವರಿಗೆ ಮೊದಲೇ ಮುಟ್ಟಿತ್ತು. ಇ-ಮೇಲ್ ಅತ್ತೆಗೆ. ರೈಲು ಟಿಕೆಟಿನ ಖಾತೆ, ಹುಟ್ಟಿದಾಗಿನಿಂದ ರೈಲು ಹತ್ತದ ಹಾಲಿನವನಿಗೆ. ಹನ್ನೊಂದು ವರ್ಷದ ಫೋಟೊ, ಹರಟೆ, ಹಾರೈಕೆಗಳಿದ್ದ ಜಾಲತಾಣದ ಖಾತೆ, ಹಳಿಯಾಳದಲ್ಲಿ ಅವರ ಸ್ಕೂಟರ್ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್‌ಗೆ.

ನನಗೆ? ಏನೂ ಇಲ್ಲ.

ಆ ಖಾತೆ ತೆರೆದುಕೊಟ್ಟವನು ನಾನು! ನಾಲ್ಕು ಭಾನುವಾರ ಪಕ್ಕದಲ್ಲಿ ಕೂತು ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು ಎಂದು ಕಲಿಸಿದವನು ನಾನು. ಹೊಟ್ಟೆಕಿಚ್ಚಾಯಿತೇ ಎಂದು ಕೇಳಿದರೆ, ಆಯಿತು. ಹಾಲಿನವನನ್ನು ಹೇಗೋ ಕ್ಷಮಿಸಿದೆ. ಆದರೆ ಮೆಕ್ಯಾನಿಕ್?

"ಸತ್ತವರ ಮ್ಯಾಲ ಸಿಟ್ಟಾಗಬಾರದೋ ತಮ್ಮಾ," ಎಂದರು ಅತ್ತೆ. "ಹಾಲಿನವನ ಮ್ಯಾಲ ಆಗು. ನೀರು ಹಾಕತಾನ."

ಹಳಿಯಾಳದ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಕೈಯ ಗ್ರೀಸ್ ಒರೆಸಿಕೊಂಡು ಸ್ಟೂಲು ಕೊಟ್ಟ.

"ಸತ್ತ ಮನಶಾನ ಹೆಸರಿಲೆ ದೋಸ್ತಿ ಮಾಡ್ಕೊಂತ ಕುಂತೀಯಲ್ಲ ಭಾಯಿ, ಏನಿದು?" ಎಂದೆ.

"ಆ ಕೋರಿಕಿ ಪೆಂಡಿಂಗ್ ಇತ್ರಿ ಸಾಹೇಬ್ರ. ಬಾಕಿ ಕೆಲಸಾ ಮುಗಿಸಿನ ಖಾತೆ ಬಂದ್ ಮಾಡಬೇಕು ಅಂತ ಚಾಚಾ ಹೇಳಿದ್ರು."

"ಅದನ್ನ ನಾ ಮಾಡ್ತಿದ್ದೆ. ನನಗ್ಯಾಕ ಕೊಡಲಿಲ್ಲ?"

ಅವನು ಅಂಗಿಯ ಜೇಬಿನಿಂದ, ಪ್ಲಾಸ್ಟಿಕ್ ಸುತ್ತಿದ ಚೀಟಿ ತೆಗೆದುಕೊಟ್ಟ. ಪಾಸ್‌ವರ್ಡಿನ ಕೆಳಗೆ ಮಾವನ ಅಕ್ಷರ: "ಅಳಿಯಾ ಬಂದು ಜಗಳಾ ತಗೀತಾನ. ಅವಗ ಕೊಡಬ್ಯಾಡ. ಇದು ಬಂದ್ ಮಾಡೂ ಕೆಲಸ. ಅವನ ಕೈಲೆ ಆಗೂದಿಲ್ಲ."

ದಿನಾ ನಿಧನ ವಾರ್ತೆಗಳನ್ನು ನಾಲ್ಕು ಸಾಲಿಗೆ ಕತ್ತರಿಸುವವನು ನಾನು. ನನ್ನ ಕೈಲಾಗದೇ!

"ಹಂಗಾದ್ರ ನೀವ ಒತ್ರಿ," ಎಂದು ಅವನು ಫೋನ್ ಚಾಚಿದ. "ಬಾಕಿ ಏನೂ ಉಳದಿಲ್ಲ."

ಖಾತೆ ಅಳಿಸುವ ಗುಂಡಿ ಎದುರಿಗಿತ್ತು. ಮೇಲೆ ಮಾವ ತಾವೇ ತೆಗೆದುಕೊಂಡ ಫೋಟೊ: ಅರ್ಧ ಮುಖ, ಅರ್ಧ ಹೆಬ್ಬೆರಳು. ಅವನು ಕಾದ. ಒಬ್ಬ ಗಿರಾಕಿ ಬಂದು ಪಂಕ್ಚರ್ ಹಾಕಿಸಿಕೊಂಡು ಹೋದ.

"ಇವತ್ತ ಬ್ಯಾಡ ಭಾಯಿ," ಎಂದೆ. "ಶುಕ್ರವಾರ ನೋಡೂಣು."

"ಶುಕ್ರವಾರ ಗ್ಯಾರೇಜ್ ಬಂದ್ ಇರತೈತ್ರಿ."

"ಹಂಗಾದ್ರ ಶನಿವಾರ."

ಅವನು ಫೋನ್ ಜೇಬಿಗಿಟ್ಟುಕೊಂಡು, ನನಗೊಂದು ಚಹಾ ಹೇಳಿದ.

ಆಮೇಲೆ ಐದು ಶನಿವಾರ ಹಳಿಯಾಳಕ್ಕೆ ಹೋಗಿ ಬಂದಿದ್ದೇನೆ. ಖಾತೆ ತೆರೆದೇ ಇದೆ.