ಮೆನ್ನಾಳ ಬ್ರೆಡ್ಡಂಗಡಿಗೆ ಬಂದ ಅತಿಥಿ

ಪೆಂಟ್ರೆಲ್ಲಿನ್ ಸ್ಟೇಷನ್ನಿನಲ್ಲಿ ಬೆಳಗಿನ ರೈಲಿನಿಂದ ಇಳಿದ ಹೆಂಗಸಿಗೆ ಇಡ್ವಲ್ "ಗುಡ್ ಮಾರ್ನಿಂಗ್" ಅಂದ. ಅವನು ಮಾಡಿದ್ದು ಅಷ್ಟೇ.

ಹೆಂಗಸಿನ ಹೆಸರು ಮಿಸೆಸ್ ಹಾರ್ಕೋರ್ಟ್. ಬೂದು ಕೋಟು, ಚಕ್ರದ ಪೆಟ್ಟಿಗೆ, ಕನ್ನಡಕಕ್ಕೆ ಸಣ್ಣ ಸರಪಳಿ. ಅಂಥ ಇಂಗ್ಲಿಷ್ ಹೆಸರಿನವರನ್ನು, ಅಂಥ ಕೋಟಿನವರನ್ನು ಏಕಾಏಕಿ ಊರಿನ ಭಾಷೆಯಾದ ವೆಲ್ಷ್‌ನಲ್ಲಿ ಮಾತಾಡಿಸಿದರೆ ಅವರಿಗೆ ಮುಜುಗರವಾದೀತು ಎಂದು ಅವನಿಗೆ ಅನ್ನಿಸಿತು. ಅವರು ಒಂದು ಗಳಿಗೆ ಅವನ ಮುಖ ನೋಡಿ, ತಾವೂ "ಗುಡ್ ಮಾರ್ನಿಂಗ್" ಅಂದರು. ಇಬ್ಬರೂ ಮಳೆಯ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡುತ್ತ ಪೇಟೆಯ ಕಡೆ ಇಳಿದರು.

ಇಡ್ವಲ್ ಪಕ್ಕದ ಊರಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಸಹಾಯಕ. ಅಲ್ಲಿ ಕೋಣೆಗಳನ್ನು ಬೆಚ್ಚಗಿಡುವ ಖರ್ಚು ಉಳಿಸಲೆಂದು ಕಲೆ, ಮಾನವಿಕ, ವ್ಯವಹಾರ ಈ ಮೂರೂ ವಿಭಾಗಗಳನ್ನು ಒಂದೇ ಕಟ್ಟಡಕ್ಕೆ ತಳ್ಳಿ ಒಂದೇ ವಿಭಾಗ ಮಾಡಿದ್ದರು. ಸಂಗೀತದ ಮೇಷ್ಟ್ರು ಮತ್ತು ಲೆಕ್ಕಪತ್ರದ ಮೇಷ್ಟ್ರು ಒಂದೇ ಮೇಜಿನ ಎರಡು ಬದಿಗೆ ಕೂತು, ರೈಲಿನಲ್ಲಿ ಸೀಟಿಗೆ ಜಗಳವಾಡಿದ ಪ್ರಯಾಣಿಕರ ಹಾಗೆ ಒಬ್ಬರನ್ನೊಬ್ಬರು ನೋಡದೆ ಕಾಲ ಕಳೆಯುತ್ತಿದ್ದರು. ಅಂದಿನಿಂದ ಯಾವ ಸಂಶೋಧನೆಯಾದರೂ ಮೂರಕ್ಕೂ ಸಲ್ಲಬೇಕೆಂದು ನಿಯಮವಾಯಿತು. ಇಡ್ವಲ್‌ನ ಮೇಲಧಿಕಾರಿ ಪ್ರೊಫೆಸರ್ ಗೊರೊನ್ವಿ ಪೆನ್ನಂಟ್ ಯೋಚಿಸಿ ಯೋಚಿಸಿ ಬ್ರೆಡ್ಡಂಗಡಿಯನ್ನು ಹಿಡಿದರು. ಬ್ರೆಡ್ಡು ಮಾರುವುದು ವ್ಯವಹಾರ, ಅಲ್ಲಿ ನಡೆಯುವ ಹರಟೆ ಮಾನವಿಕ, ಬ್ರೆಡ್ಡಿನ ಫೋಟೋ ತೆಗೆದರೆ ಕಲೆ.

ಹೀಗೆ ಇಡ್ವಲ್ ಎರಡು ಚಳಿಗಾಲ ತನ್ನದೇ ಊರಿನ ಮೆನ್ನಾಳ ಅಂಗಡಿಯ ಮೂಲೆಯಲ್ಲಿ ಕೂತ. ಅಂಗಡಿಯಲ್ಲಿ ಜನ ಹೆಚ್ಚುಕಡಿಮೆ ಪೂರ್ತಿ ವೆಲ್ಷ್‌ನಲ್ಲೇ ಮಾತಾಡುತ್ತಾರೆ, ಭಾಷೆ ಬ್ರೆಡ್ಡಿನ ಬಿಸಿಯಲ್ಲಿ ಚೆನ್ನಾಗಿ ಬದುಕಿದೆ ಎಂದು ವರದಿ ಬರೆದ. ಹಣ ಕೊಡುವ ಮಂಡಳಿಯವರು ಅದನ್ನು ಕಣ್ಣಾರೆ ನೋಡಲು ಕಾರ್ಡಿಫ್‌ನಿಂದ ಮಿಸೆಸ್ ಹಾರ್ಕೋರ್ಟ್ ಅವರನ್ನು ಕಳಿಸಿದ್ದರು. ಅವರು ಒಪ್ಪಿದರೆ ಇಡ್ವಲ್‌ಗೆ ಇನ್ನೂ ಮೂರು ವರ್ಷ ಕೆಲಸ. ಒಪ್ಪದಿದ್ದರೆ ತಿಂಗಳ ಕೊನೆಗೆ ಲಿವರ್‌ಪೂಲ್‌ಗೆ ಹೋಗಿ ಚಿಕ್ಕಪ್ಪನ ಅಂಗಡಿಯಲ್ಲಿ ರತ್ನಗಂಬಳಿ ಸುತ್ತಬೇಕು.

ಇಬ್ಬರೂ ಅಂಗಡಿ ತಲುಪಿದಾಗ ಬಾಗಿಲಿನ ಗಂಟೆ ಕಿಣಿ ಕಿಣಿ ಅಂದಿತು. ಒಳಗೆ ಮೆನ್ನಾ, ಅಂಚೆ ಕಚೇರಿಯ ಪಕ್ಕದ ಮನೆಯ ಆಂಟಿ ನೆಸ್ಟಾ, ಇನ್ನೂ ನಾಲ್ಕಾರು ಜನ ಯಾರದೋ ಸೊಂಟನೋವಿನ ಬಗ್ಗೆ ವೆಲ್ಷ್‌ನಲ್ಲಿ ಒಟ್ಟಿಗೇ ಮಾತಾಡುತ್ತಿದ್ದರು. ಇಡ್ವಲ್ ಬಾಗಿಲು ಹಿಡಿದು, "ಒಳಗೆ ದಯಮಾಡಿಸಿ ಮೇಡಂ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಸ್ವಿಚ್ಚು ಒತ್ತಿದ ಹಾಗೆ ಅಂಗಡಿಗೆ ಅಂಗಡಿಯೇ ಇಂಗ್ಲಿಷಿಗೆ ಹೊರಳಿತು.

"ತಮ್ಮನ್ನು ನೋಡಿ ಬಹಳ ಸಂತೋಷವಾಯಿತು" ಅಂದಳು ಮೆನ್ನಾ, ಬಾನುಲಿಯ ಸುದ್ದಿ ಓದುವವರ ಹಾಗೆ.

"ಸೊಂಟನೋವು ಬಹಳ ಕಷ್ಟದ ಕಾಯಿಲೆ" ಅಂದರು ಆಂಟಿ ನೆಸ್ಟಾ, ಯಾರಿಗೆ ಅಂತಿಲ್ಲದೆ, ಇಂಗ್ಲಿಷಿನಲ್ಲಿ.

"ದಯವಿಟ್ಟು ನನ್ನ ಸಲುವಾಗಿ ತೊಂದರೆ ತಗೊಳ್ಳಬೇಡಿ. ತಾವು ತಮ್ಮ ಪಾಡಿಗೆ ಮಾತಾಡಿ" ಎಂದು ಮಿಸೆಸ್ ಹಾರ್ಕೋರ್ಟ್ ಇಂಗ್ಲಿಷಿನಲ್ಲೇ ಹೇಳಿದರು. ಇಷ್ಟು ಒಳ್ಳೆಯ ಹೆಂಗಸಿನ ಎದುರು ಅವರಿಗೆ ತಿಳಿಯದ ಭಾಷೆ ಆಡುವುದು ಎಂಥ ಅನ್ಯಾಯ ಎಂದು ಎಲ್ಲರೂ ಮತ್ತಷ್ಟು ಇಂಗ್ಲಿಷ್ ಆಡಿದರು.

ಇಡ್ವಲ್ ಗಲ್ಲಾದ ಹಿಂದೆ ಹೋಗಿ ಮೆನ್ನಾಳ ಕಿವಿಯಲ್ಲಿ ವೆಲ್ಷ್‌ನಲ್ಲಿ ಪಿಸುಗುಟ್ಟಿದ. "ಮೆನ್ನಾ, ನಿನ್ ಕಾಲಿಗೆ ಬೀಳ್ತೀನಿ. ನಿನ್ನೆ ಎಷ್ಟ್ ಸಲ ಹೇಳಿದ್ದೆ? ವೆಲ್ಷ್ ಮಾತಾಡು."

"ಇಡ್ವಲ್, ಅತಿಥಿಗಳ ಎದುರು ಹೀಗೆ ಪಿಸುಗುಟ್ಟುವುದು ಸಭ್ಯತೆಯಲ್ಲ" ಅಂದಳು ಮೆನ್ನಾ, ಎಲ್ಲರಿಗೂ ಕೇಳುವಂತೆ, ಇಂಗ್ಲಿಷಿನಲ್ಲಿ. ಇಡ್ವಲ್‌ನ ಕಿವಿ ಕಾವಲಿ ಮೇಲೆ ಸುಡುವ ವೆಲ್ಷ್ ಕೇಕಿನ ಹಾಗೆ ಕೆಂಪಾಯಿತು.

ಸರಿ, ಅತಿಥಿ ಕಣ್ಣಿಗೆ ಬಿದ್ದರೆ ತಾನೇ ಈ ತೊಂದರೆ. ಅವನು ಮಿಸೆಸ್ ಹಾರ್ಕೋರ್ಟ್ ಅವರನ್ನು ಹಿಂದಿನ ಹಿಟ್ಟಿನ ಕೋಣೆಗೆ ಕರೆದೊಯ್ದು, ಮೂಟೆಗಳ ನಡುವೆ ಒಂದು ಸ್ಟೂಲು ಹಾಕಿ ಕೂರಿಸಿದ. "ಸಂಶೋಧನೆಯಲ್ಲಿ ಇದನ್ನು ಮರೆಯ ವೀಕ್ಷಣೆ ಅನ್ನುತ್ತೇವೆ" ಎಂದು ಆ ಕ್ಷಣಕ್ಕೆ ಹೊಳೆದ ಹೆಸರು ಕೊಟ್ಟ. ಅವರು ಪೆನ್ನು ತೆಗೆದು, ಮೂಟೆಗೆ ಒರಗಿ ಕೂತರು.

ಆಗ ಬಂದವರು ಕುರಿ ಸಾಕುವ ಈವೊರ್ ಮತ್ತು ಅವನ ಹೆಂಡತಿ ಮೈರ್ವೆನ್. ಮದುವೆಯಾದಾಗಿನಿಂದ ವೆಲ್ಷ್‌ನಲ್ಲೇ ಜಗಳವಾಡಿಕೊಂಡು ಬಂದ ಜೋಡಿ. ಇಡ್ವಲ್‌ಗೆ ಜೀವ ಬಂತು.

"ಏ, ಆ ಬ್ರೆಡ್ ಬೇಡ, ಹೋದ್ ಸಲ ಕಲ್ ಕಲ್ ಥರ ಇತ್ತು" ಎಂದು ಈವೊರ್ ಸೊಗಸಾಗಿಯೇ ಶುರು ಮಾಡಿದ.

"ಸ್ವಲ್ಪ ಮೆಲ್ಲಗೆ ಮಾತಾಡಿ" ಅಂದಳು ಮೆನ್ನಾ. "ಹಿಂದುಗಡೆ ಮೂಟೆ ಮಧ್ಯ ಒಬ್ರು ಇಂಗ್ಲಿಷಿನೋರು ಕೂತವ್ರೆ."

ಗಂಡ ಹೆಂಡತಿ ಹಿಟ್ಟಿನ ಕೋಣೆಯ ಕಡೆ ನೋಡಿದರು. ಈವೊರ್ ಟೋಪಿ ತೆಗೆದ. ಆಮೇಲೆ ಹೆಂಡತಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಪ್ರಿಯೆ, ತಮಗೆ ಯಾವ ಬ್ರೆಡ್ಡು ಇಷ್ಟವಾದೀತು?" ಎಂದು ಕೇಳಿದ.

ಮೈರ್ವೆನ್ ಅವನ ಹಣೆ ಮುಟ್ಟಿ ನೋಡಿದಳು.

ಇಡ್ವಲ್ ಬೀದಿಗೆ ಬಂದು ಗೋಡೆಗೆ ಹಣೆ ಆನಿಸಿ ನಿಂತ. ಅವನನ್ನು ಆ ಸ್ಥಿತಿಯಲ್ಲಿ ಕಂಡದ್ದು ಊರಿನ ಪ್ರಾರ್ಥನಾ ಮಂದಿರವಾದ ಚಾಪೆಲಿನ ಹಿರಿಯ, ಗಂಡಸರ ಗಾಯನ ಮೇಳದ ಮುಖ್ಯಸ್ಥ ಟೆಕ್ವಿನ್. ಯಾರ ಕಷ್ಟ ಕಂಡರೂ ಅದಕ್ಕೊಂದು ಮೇಳ ಕಟ್ಟುವ ಸ್ವಭಾವ ಅವನದು. ಇಡ್ವಲ್ ನಡೆದದ್ದನ್ನೆಲ್ಲ ಹೇಳಿಕೊಂಡ.

"ಇಷ್ಟೇನಾ ಮರಿ? ಇದನ್ನ ಮೊದ್ಲೇ ಹೇಳ್ಬಾರ್ದಾ?" ಅಂದ ಟೆಕ್ವಿನ್. "ಅರ್ಧ ಗಂಟೆ ಕೊಡು. ಎಂಥಾ ವೆಲ್ಷ್ ಕೇಳಿಸ್ತೀನಿ ಅಂದ್ರೆ ಆಯಮ್ಮ ಕಾರ್ಡಿಫ್‌ಗೆ ಅಳ್ತಾ ಹೋಗ್ಬೇಕು."

"ಅಳೋದ್ ಬೇಡ ಟೆಕ್ವಿನ್. ಸುಮ್ನೆ ಬ್ರೆಡ್ ಕೊಂಡ್ರೆ ಸಾಕು."

"ಕೊಳ್ತೀವಿ, ಕೊಳ್ತೀವಿ."

ಅರ್ಧ ಗಂಟೆಯೊಳಗೆ ಗಾಯನ ಮೇಳವೆಲ್ಲ ಕಪ್ಪು ಕೋಟು ತೊಟ್ಟು ಸಾಲಾಗಿ ಅಂಗಡಿಗೆ ಬಂತು. ಟೆಕ್ವಿನ್ ಉದ್ದನೆಯ ಬ್ರೆಡ್ಡೊಂದನ್ನು ಕೈಗೆ ತೆಗೆದುಕೊಂಡು, ಮೇಳ ನಡೆಸುವ ಕೋಲಿನ ಹಾಗೆ ಮೇಲೆತ್ತಿದ. ಮೊದಲನೆಯವನು ಎದೆಯುಬ್ಬಿಸಿ, ಚಾಪೆಲಿನಲ್ಲಿ ಪ್ರಾರ್ಥನೆಗೆ ಮಾತ್ರ ಬಳಸುವ ವೆಲ್ಷ್‌ನಲ್ಲಿ, "ಓ ಮೆನ್ನಾ, ನಿನ್ನ ಒಲೆಯು ಎಂದಿಗೂ ಆರದಿರಲಿ, ಕಂದು ಬ್ರೆಡ್ಡೊಂದನ್ನು ದಯಪಾಲಿಸು" ಅಂದ. ಎರಡನೆಯವನು ಅದನ್ನೇ ಕೆಳದನಿಯಲ್ಲಿ ಹೇಳಿದ. ಆಂಟಿ ನೆಸ್ಟಾ ಕಣ್ಣು ಮುಚ್ಚಿ ಆಮೆನ್ ಅಂದರು.

ಇಡ್ವಲ್‌ಗೆ ಲಿವರ್‌ಪೂಲ್‌ನ ರತ್ನಗಂಬಳಿಗಳ ಧೂಳು ಈಗಲೇ ಮೂಗಿಗೆ ಬಡಿದಂತಾಯಿತು.

ಅಷ್ಟರಲ್ಲಿ ಮೇಳದ ಕೊನೆಯಲ್ಲಿದ್ದವನಿಗೆ ಬ್ರೆಡ್ಡು ಸಾಲದೆ ಬಂತು. "ಕಲ್ಲುಗುಡ್ಡದ ತೋಟದ ಮನೆಗೆ ಕಳ್ಸಿದೀಯ ಎಲ್ಲಾನೂ" ಎಂದು ಅವನು ಮಾಮೂಲಿ ಮಾತಿಗೆ ಇಳಿದ.

"ಆ ಮನೆಲಿ ತಿನ್ನೋರು ಯಾರಿದಾರೆ?" ಅಂದರು ಆಂಟಿ ನೆಸ್ಟಾ. "ಮಗಳು ದನದ್ ಡಾಕ್ಟ್ರ ಜೊತೆ ಓಡಿ ಹೋದ್ಲಲ್ಲ, ಅವತ್ತಿಂದ ಅರ್ಧ ಖಾಲಿ."

"ಓಡಿ ಹೋದೋಳು ಮಗಳಲ್ಲ, ತಂಗಿ" ಅಂದ ಟೆಕ್ವಿನ್.

"ಮಗಳು."

"ತಂಗಿ ಕಣಮ್ಮಾ. ನಮ್ಮಪ್ಪನ ಜೊತೆ ಭಾನುವಾರದ ಪಾಠಕ್ಕೆ ಹೋಗ್ತಿದ್ಲು."

"ನಿಮ್ಮಪ್ಪ ಪಾಠಕ್ಕೆ ಯಾವತ್ತು ಹೋಗಿದ್ದ? ಮೀನು ಹಿಡಿಯೋಕ್ ಹೋಗ್ತಿದ್ದ."

ಮೇಳ ಎರಡು ಹೋಳಾಯಿತು. ಮಗಳ ಕಡೆಯವರು ಗಲ್ಲಾದ ಹತ್ತಿರ, ತಂಗಿಯ ಕಡೆಯವರು ಬಾಗಿಲ ಹತ್ತಿರ. ಮೆನ್ನಾ ಹಿಟ್ಟಿನ ಕೈಯಲ್ಲೇ ಗಲ್ಲಾ ಬಡಿಯುತ್ತ ಎರಡೂ ಕಡೆಯವರನ್ನು ಬೈದಳು. ಅತಿಥಿಯನ್ನು ಎಲ್ಲರೂ ಮರೆತೇಬಿಟ್ಟರು. ಅಪ್ಪಟ ಪೆಂಟ್ರೆಲ್ಲಿನ್ ವೆಲ್ಷ್ ಅಂಗಡಿಯ ಗಾಜು ನಡುಗಿಸುತ್ತಿತ್ತು. ಇಡ್ವಲ್ ಹಿಟ್ಟಿನ ಕೋಣೆಯ ಕಡೆ ತಿರುಗಿದ.

ಹಿಟ್ಟಿನ ಕೋಣೆಯ ಬಾಗಿಲು ಧಡಾರನೆ ತೆರೆದುಕೊಂಡಿತು. ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿದ್ದ ಮಿಸೆಸ್ ಹಾರ್ಕೋರ್ಟ್ ಅಲ್ಲಿ ನಿಂತಿದ್ದರು.

"ಮಗಳೂ ಅಲ್ಲ, ತಂಗಿನೂ ಅಲ್ಲ" ಅಂದರು ಅವರು, ಗುಡ್ಡದ ಮೇಲಿನವರು ಮಾತ್ರ ಆಡುವ ವೆಲ್ಷ್‌ನಲ್ಲಿ. "ಸೊಸೆ. ನನ್ ದೊಡ್ಡಮ್ಮ. ಇಷ್ಟ್ ಹೊತ್ತು ತಡ್ಕೊಂಡಿದ್ದೆ, ಇನ್ ಆಗಲ್ಲ ನನ್ ಕೈಲಿ."

ಮಗಳ ಕಡೆಯವರೂ ತಂಗಿಯ ಕಡೆಯವರೂ ಒಟ್ಟಿಗೇ ಅವರ ಕಡೆ ತಿರುಗಿದರು. ಅಂಥ ಊರಿನಲ್ಲಿ ಸಂಬಂಧ ತಪ್ಪಾಗಿ ಹೇಳುವುದನ್ನು ಕೇಳಿಕೊಂಡು ಸುಮ್ಮನೆ ಕೂರಬಲ್ಲ ಮನುಷ್ಯರು ಇನ್ನೂ ಹುಟ್ಟಿಲ್ಲ.

ಆಮೇಲೆ ಅವರಿಗೆ ಕುರ್ಚಿ ಬಂತು, ಚಹಾ ಬಂತು, ಬೆಣ್ಣೆ ಸವರಿದ ಒಣದ್ರಾಕ್ಷಿಯ ಬ್ರೆಡ್ಡು ಬಾರಾ ಬ್ರಿತ್ ಬಂತು. ಹಾರ್ಕೋರ್ಟ್ ಅನ್ನುವುದು ಗಂಡನ ಮನೆಯ ಹೆಸರಂತೆ. ಅವರ ತಾಯಿ ಯಾರು, ಯಾವ ಚಾಪೆಲು, ಅಜ್ಜನಿಗೆ ಯಾವ ಗೂಳಿ ಗುದ್ದಿತ್ತು, ಎಲ್ಲ ಹೊರಗೆ ಬಂತು. ಈವೊರ್‌ನ ಅತ್ತೆಯ ಕಡೆಯಿಂದ ಅವರು ದೂರದ ನಂಟರೂ ಆದರು.

"ಅಲ್ಲ ಕಣಮ್ಮಾ, ಇಷ್ಟ್ ಚೆನ್ನಾಗ್ ಮಾತಾಡೋಳು ಬೆಳಗ್ಗಿಂದ ಯಾಕೆ ಇಂಗ್ಲಿಷು?" ಎಂದು ಕೇಳಿದರು ಆಂಟಿ ನೆಸ್ಟಾ.

"ಇವ್ರು ಶುರು ಮಾಡಿದ್ರು" ಎಂದು ಮಿಸೆಸ್ ಹಾರ್ಕೋರ್ಟ್ ಇಡ್ವಲ್ ಕಡೆ ಕೈ ತೋರಿಸಿದರು. "ಸ್ಟೇಷನ್ನಲ್ಲಿ ಇನ್ನೇನು ನಾನೇ ವೆಲ್ಷ್ ಮಾತಾಡ್ಬೇಕು, ಅಷ್ಟರಲ್ಲಿ ಗುಡ್ ಮಾರ್ನಿಂಗ್ ಅಂದ್ಬಿಟ್ರು. ಪಾಪ, ಹುಡುಗನಿಗೆ ಬರಲ್ವೇನೋ, ಯಾಕ್ ನೋಯಿಸ್ಲಿ ಅಂತ ನಾನೂ ಸುಮ್ನಾದೆ."

"ನಾನೂ ಇಡ್ವಲ್ ಇಂಗ್ಲಿಷ್ ಮಾತಾಡೋದ್ ಕೇಳೇ ಬದಲಾಯ್ಸಿದ್ದು" ಅಂದಳು ಮೆನ್ನಾ.

"ನಾನು ನಿನ್ ನೋಡಿ" ಅಂದರು ಆಂಟಿ ನೆಸ್ಟಾ.

"ಈವೊರ್ ನನ್ನನ್ನ ಪ್ರಿಯೆ ಅಂದ" ಅಂದಳು ಮೈರ್ವೆನ್. "ಅದಕ್ಕೂ ಇವನೇ ಕಾರಣ ಅಂತಾಯ್ತು."

ಎಲ್ಲರೂ ಇಡ್ವಲ್‌ನನ್ನು ನೋಡಿದರು. ಅವನು ನಗಲು ನೋಡಿದ. ಏನೇ ಆಗಲಿ, ಮಿಸೆಸ್ ಹಾರ್ಕೋರ್ಟ್ ಮಧ್ಯಾಹ್ನದ ರೈಲಿಗೆ ಹೊರಟಾಗ ಮುಖ ಅರಳಿಸಿಕೊಂಡಿದ್ದರು. ಕೈಕುಲುಕಿ, "ಇಷ್ಟು ಒಳ್ಳೆ ಸಂಶೋಧನೆ ನಾನು ನೋಡೇ ಇಲ್ಲ" ಅಂದರು, ವೆಲ್ಷ್‌ನಲ್ಲೇ. ಇಡ್ವಲ್ ಅಂಗಡಿಗೆ ತೇಲುತ್ತ ಬಂದ.

ಚಹಾದ ಹೊತ್ತಿಗೆ ಪ್ರೊಫೆಸರ್ ಪೆನ್ನಂಟ್ ಫೋನ್ ಮಾಡಿದರು.

"ಇಡ್ವಲ್, ಆಯ್ತಪ್ಪಾ, ಮೂರು ವರ್ಷ ಸಿಕ್ತು. ಆಯಮ್ಮ ರೈಲಿನಿಂದ್ಲೇ ಫೋನ್ ಮಾಡಿ ಒಪ್ಪಿಗೆ ಕೊಟ್ರು. ಆದ್ರೆ ವಿಷಯ ಸ್ವಲ್ಪ ಬದಲಾಗಿದೆ. ವೆಲ್ಷ್ ಬರೋನು, ವೆಲ್ಷ್ ಉಳಿಸೋಕೆ ಸಂಬಳ ತಗೊಳ್ಳೋನು, ಮೊದಲ್ನೇ ಮಾತನ್ನ ಇಂಗ್ಲಿಷಲ್ಲಿ ಯಾಕೆ ಆಡ್ತಾನೆ? ಒಬ್ಬನ ಗುಡ್ ಮಾರ್ನಿಂಗ್ ಒಂದು ಊರನ್ನೇ ಹೇಗೆ ತಿರುಗಿಸತ್ತೆ? ಇದು ವಿಷಯ. ಅದ್ಭುತ ಅಲ್ವಾ?"

"ಅದ್ಭುತ ಸರ್. ನಾನು ಸೋಮವಾರದಿಂದ್ಲೇ ಶುರು ಮಾಡ್ಲಾ?"

"ಅಲ್ಲೇ ಒಂದು ಸಣ್ಣ ತೊಡಕು. ಅಧ್ಯಯನದ ವಸ್ತು ನೀನೇ ಅಲ್ವಾ? ವಸ್ತುವಿಗೆ ಸಂಬಳ ಕೊಟ್ರೆ ಫಲಿತಾಂಶ ಕೆಟ್ಟು ಹೋಗತ್ತೆ, ನಿಯಮ ಒಪ್ಪಲ್ಲ. ನಿನ್ನ ಜಾಗಕ್ಕೆ ಬ್ರಿಸ್ಟಲ್‌ನಿಂದ ಒಬ್ಬ ಬರ್ತಾನೆ."

 "ಹಾಗಾದ್ರೆ ನಾನು ಲಿವರ್‌ಪೂಲ್‌ಗೆ..." ಅಂದ ಇಡ್ವಲ್.

"ಬೇಡಪ್ಪಾ, ಹಾಗೆಲ್ಲ ಮಾಡ್ಬೇಡ. ಮೂರು ವರ್ಷ ನೀನು ಊರು ಬಿಡೋ ಹಾಗಿಲ್ಲ, ಬಿಟ್ರೆ ಎಲ್ಲರ ಕೆಲಸಾನೂ ಹೋಗತ್ತೆ. ಚಿಂತೆ ಮಾಡ್ಬೇಡ, ನಿನ್ನ ಹೆಸರು ಎಲ್ಲೂ ಬರಲ್ಲ. ಅದು ಸಂಶೋಧನೆಯ ಧರ್ಮ. ಆ ಮನುಷ್ಯ ಯಾರು ಅಂತ ಒಂದು ನರಪಿಳ್ಳೆಗೂ ತಿಳಿಯಲ್ಲ."

ಇಡ್ವಲ್ ಫೋನ್ ಇಟ್ಟ. ಬಾಗಿಲಿನ ಗಂಟೆ ಅಲುಗಿತು. ಆಂಟಿ ನೆಸ್ಟಾ ತಮ್ಮ ತಂಗಿಯನ್ನು, ತಂಗಿಯ ಇಬ್ಬರು ಗೆಳತಿಯರನ್ನು ಕರೆದುಕೊಂಡು ಒಳಗೆ ಬಂದರು.

"ಇವನೇ ನೋಡ್ರೇ" ಅಂದರು. "ಮುಟ್ಬೇಡಿ, ಇವನನ್ನ ಮೂರು ವರ್ಷ ಹೀಗೇ ಇಡ್ಬೇಕಂತೆ."