ನವರಂಗ ಹಕ್ಕಿ ಮತ್ತು ಅಸಲಿ ತೊಗಲಿನ ಬೆಲ್ಟು

ನೆನಪನ್ನು ನಾನು ನಂಬುವುದಿಲ್ಲ. ಅದು ಮನೆಗೆ ಬರುವ ಬೀಗರ ಹಾಗೆ. ತನಗೆ ಮರ್ಯಾದೆ ತರುವಷ್ಟನ್ನೇ ಹೇಳುತ್ತದೆ. ಅದಕ್ಕೇ ಕ್ಯಾಮೆರಾ ಕೊಂಡೆ. ನನ್ನ ಕೈ ನಡುಗುತ್ತದೆ ಎಂಬುದು ಕೊಂಡ ಮೇಲೆ ತಿಳಿಯಿತು. ಮಳೆಗಾಲದಲ್ಲಿ ಹಾನಗಲ್ಲಿನ ಕೆರೆಯಂಚಿನಲ್ಲಿ ತೆಗೆದ ಕೊಕ್ಕರೆಯ ಫೋಟೋ ಒಣಹಾಕಿದ ಧೋತರದಂತೆ ಬಂತು. ಚಳಿಗಾಲದಲ್ಲಿ ಹೆಬ್ಬಾತುಗಳು ಹಿಮಾಲಯ ದಾಟಿ ಮಾಸೂರಿನ ಮದಗದ ಕೆರೆಗೆ ಬಂದವು. ಅಷ್ಟು ದೂರ ಹಾರಿ ಬಂದದ್ದು ನನ್ನ ಫೋಟೋದಲ್ಲಿ ಬರೀ ಗೀಟಾಗಲಿಕ್ಕೆ. ವರ್ಷವಿಡೀ ಅಲೆದು ಸಾಧಿಸಿದ್ದೆಂದರೆ ಹೊಟ್ಟೆ ಕರಗಿ ಪ್ಯಾಂಟುಗಳೆಲ್ಲ ಸಡಿಲಾದದ್ದು. ಕೊನೆಗೆ ಹೆಂಡತಿ ಗಿರಿಜಾ ಗಡುವು ಕೊಟ್ಟಳು: “ಯುಗಾದಿಯೊಳಗ ಕಣ್ಣು, ಕೊಕ್ಕು ನೆಟ್ಟಗ ಕಾಣೋ ಒಂದ ಒಂದು ಹಕ್ಕಿ ತೋರಸ್ರಿ. ಇಲ್ಲಂದ್ರ ಕ್ಯಾಮೆರಾ ಮಾರಿಬಿಡೂಣು. ನನಗ ಮಿಕ್ಸರರ ಬರ್ತೈತಿ.”

ಹಾಗಾಗಿ ಹಬ್ಬದ ಹಿಂದಿನ ಭಾನುವಾರ ನಮ್ಮ ಶಿಗ್ಗಾವಿಯಿಂದ ಸವಣೂರಿಗೆ ಹೋಗಿ, ಪರಿಚಯದ ರೈತ ಫಕ್ಕೀರಪ್ಪನ ವೀಳ್ಯದೆಲೆ ಬಳ್ಳಿಯ ತೋಟದ ಬಾಗಿಲಲ್ಲಿ ನಿಂತೆ. ಚಳಿಗಾಲ ಕಳೆಯಲು ಉತ್ತರದಿಂದ ಬಂದ ನವರಂಗ ಹಕ್ಕಿಯೊಂದು ಆ ನೆರಳಲ್ಲಿ ಬೀಡುಬಿಟ್ಟಿತ್ತು. ಇಂದೋ ನಾಳೆಯೋ ವಾಪಸು ಹೊರಡುವುದರಲ್ಲಿತ್ತು. ಚಪ್ಪಲಿ ಕಳಚಿ ಕಾಲಿಡುವಷ್ಟರಲ್ಲಿ ಫಕ್ಕೀರಪ್ಪ ಅಡ್ಡ ನಿಂತ.

“ಬೆಲ್ಟ್ ತೊಗಲಿಂದೇನ್ರಿ ಸರ?”

“ಅಸಲಿ ತೊಗಲು,” ಎಂದೆ, ಹೆಮ್ಮೆಯಿಂದ.

“ಹಂಗಾರ ಬಿಚ್ಚಿಡ್ರಿ. ಬಳ್ಳಿ ಅಂದ್ರ ನಮಗ ದೇವ್ರು. ತೊಗಲು ಒಳಗ ನಡಿಯಂಗಿಲ್ಲ.”

“ಪ್ಯಾಂಟ್ ನಿಲ್ಲಂಗಿಲ್ಲೋ ಮಾರಾಯಾ!”

“ದೇವ್ರು ಕೈ ಎದಕ್ಕ ಕೊಟ್ಟಾನ್ರಿ? ಹಿಡಕೊಂಡ ಬರ್ರಿ.”

ಎಡಗೈಯಲ್ಲಿ ಪ್ಯಾಂಟು, ಬಲಗೈಯಲ್ಲಿ ಕ್ಯಾಮೆರಾ ಹಿಡಿದು ಒಳಹೊಕ್ಕೆ. ಒಳಗೆ ತಂಪು, ಹಸಿಮಣ್ಣಿನ ವಾಸನೆ. ತುಸು ಆಚೆ ಫಕ್ಕೀರಪ್ಪನ ಅವ್ವ ಎಲೆ ಕೊಯ್ಯುತ್ತಿದ್ದಳು. ನವರಂಗ ತರಗೆಲೆಗಳ ಮೇಲೆ ಕುಪ್ಪಳಿಸಿ ಬಂದು, ಮೋಟು ಬಾಲ ಆಡಿಸುತ್ತ ನನ್ನೆದುರೇ ನಿಂತಿತು. ಒಂದೇ ಕೈಯಲ್ಲಿ ಕ್ಯಾಮೆರಾ ಎತ್ತಿದೆ. ಹಕ್ಕಿ ಅದರೊಳಗೆ ಜೋಕಾಲಿ ಆಡತೊಡಗಿತು. ಮಿಕ್ಸರಿನ ಸದ್ದು ನನ್ನ ಕಿವಿಗೆ ಆಗಲೇ ಕೇಳಿಸುತ್ತಿತ್ತು.

ಮುಂದಿನದನ್ನು ಹೇಳಲು ನೆನಪೇ ಗತಿ. ಕ್ಲಿಕ್ ಎಂದದ್ದು ನೆನಪಿದೆ. ಅವ್ವ “ಅಯ್ಯ ಶಿವನ!” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕದ್ದು, ಆ ನಗೆಗೆ ಹಕ್ಕಿ ಹಾರಿದ್ದು ನೆನಪಿದೆ. ಪ್ಯಾಂಟು ಮಾತ್ರ, ನನ್ನ ನೆನಪಿನ ಪ್ರಕಾರ, ಕೊನೆಯವರೆಗೂ ಸೊಂಟದ ಮೇಲೇ ಇತ್ತು.

ಮನೆಗೆ ಬಂದು ಬೆಲ್ಟು ಬಿಚ್ಚಿಸಿದ ಕಥೆಯನ್ನೆಲ್ಲ ಗಿರಿಜಾಳಿಗೆ ಹೇಳಿ ಫೋಟೋ ತೋರಿಸಿದೆ. ಕಣ್ಣು, ಕೊಕ್ಕು, ಹೊಟ್ಟೆಯ ಕೆಂಪು, ಎಲ್ಲ ಕೊರೆದಿಟ್ಟಂತೆ.

“ಅಯ್ಯ, ಕೈ ನಡಗೇ ಇಲ್ಲಲ್ರಿ!”

“ಎರಡೂ ಕೈಲೆ ಗಟ್ಟಿ ಹಿಡದಿದ್ದೆ,” ಎಂದು ಬೀಗಿದೆ.

ಅವಳು ಫೋಟೋದಿಂದ ಕಣ್ಣೆತ್ತಿ ನನ್ನ ಸೊಂಟ ನೋಡಿದಳು. “ಎರಡೂ ಕೈಲೆ?”

ನನ್ನ ಕೈ ತಾನಾಗಿ ಬೆಲ್ಟಿಗೆ ಹೋಯಿತು. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸುಧಾರಿಸಿಕೊಂಡು ಹೇಳಿದಳು: “ಇರ್ಲಿ, ಮಾರೂದು ಬ್ಯಾಡ. ಆ ಹಕ್ಕಿ ಬರೂ ಚಳಿಗಾಲಕ್ಕೂ ಬರ್ತೈತಲ್ಲ, ಅಷ್ಟ್ರಾಗ ಒಂದು ಲಾಡಿ ಪಾಯಜಾಮ ಹೊಲಸ್ಕೊಳ್ರಿ.”

ಮರುದಿನವೇ ದರ್ಜಿಗೆ ಅಳತೆ ಕೊಟ್ಟೆ. ಪ್ಯಾಂಟಿನ ಗಿರಾಕಿಗೆ ಪಾಯಜಾಮ ಯಾಕೆಂದು ಅವನು ಕೇಳಲೇ ಇಲ್ಲ. ಟೇಪು ಸುತ್ತುತ್ತ, ಮುಖ ತಗ್ಗಿಸಿ ನಗು ನುಂಗಿಕೊಂಡು ಇಷ್ಟೇ ಅಂದ:

“ಲಾಡಿ ಗಟ್ಟೀದ ಹಾಕ್ತೇನಿ ಬಿಡ್ರಿ ಸರ.”